ಹಳೇ ಬೆಳ್ಳಿ ಚಮಚದ ಮುದ್ರೆ ಓದುವುದು ಹೇಗೆ? ಇಂಗ್ಲಿಷ್ ಚಮಚಗಳಿಗೊಂದು ಸಮಗ್ರ ಮಾರ್ಗದರ್ಶಿ

ಹಳೇ ಬೆಳ್ಳಿ ಚಮಚ ಸಿಕ್ಕರೆ ನಮ್ಮಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಒಂದೋ ಹಲ್ಲುಪುಡಿ ಹಾಕಿ ಥಳಥಳ ಅನ್ನುವ ತನಕ ಉಜ್ಜುತ್ತಾರೆ, ಇಲ್ಲವೇ ಬೆಳ್ಳಿ ಅಂಗಡಿಗೆ ಒಯ್ದು ತೂಕಕ್ಕೆ ಹಾಕುತ್ತಾರೆ. ಎರಡನ್ನೂ ಸ್ವಲ್ಪ ಮುಂದಕ್ಕೆ ಹಾಕಿ. ಅದು ಇಂಗ್ಲೆಂಡಿನಲ್ಲಿ ತಯಾರಾದ ಚಮಚವಾಗಿದ್ದರೆ ಬೆನ್ನ ಮೇಲೆ ನಾಲ್ಕೈದು ಪುಟ್ಟ ಮುದ್ರೆಗಳಿರುತ್ತವೆ. ಬೆಳ್ಳಿ ಎಷ್ಟು ಶುದ್ಧ, ಯಾವ ಊರಿನಲ್ಲಿ ಪರೀಕ್ಷೆಯಾಯಿತು, ಯಾವ ವರ್ಷ, ಯಾರ ಅಂಗಡಿಯದು ಎಂಬುದೆಲ್ಲ ಅಲ್ಲೇ ಇದೆ. ಓದುವುದನ್ನು ಕಲಿತರೆ ಸಾಕು.

ಇಂಗ್ಲಿಷ್ ಚಮಚವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಅಲ್ಲಿನ ಮುದ್ರೆ ಪದ್ಧತಿ ತುಂಬ ಹಳೆಯದು, ಅಚ್ಚುಕಟ್ಟಾದದ್ದು. ಲಂಡನ್ನಿನಲ್ಲಿ ಚಿರತೆ ತಲೆಯ ಮುದ್ರೆ 1300ರಲ್ಲಿ ಶುರುವಾಯಿತು, ವರ್ಷದ ಅಕ್ಷರ 1478ರಲ್ಲಿ. ಜೊತೆಗೆ ಬೆಂಗಳೂರಿನ ಕಂಟೋನ್ಮೆಂಟ್ ಮನೆಗಳು, ಕೊಡಗು ಮತ್ತು ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳ ಹಳೇ ಸಾಮಾನಿನಲ್ಲಿ ಇಂಥ ಚಮಚಗಳು ಇವತ್ತಿಗೂ ತಲೆ ಹಾಕುತ್ತವೆ.

ಒಂದು ನಿಯಮ ಮೊದಲೇ ಹೇಳಿಬಿಡುತ್ತೇನೆ. ಯಾವುದೋ ಒಂದು ಮುದ್ರೆ ನೋಡಿ ತೀರ್ಪು ಕೊಡಬೇಡಿ. ಮುದ್ರೆಗಳು, ಚಮಚದ ಆಕಾರ, ಅದರ ಸವೆತ, ಈ ಮೂರೂ ಒಂದೇ ಮಾತು ಹೇಳಬೇಕು. ಒಂದು ಬೇರೆ ರಾಗ ಹಾಡಿದರೂ ಅಲ್ಲೇ ನಿಂತು ಮತ್ತೆ ನೋಡಿ.

ಹಂತ 1: ತೊಳೆಯಿರಿ, ಉಜ್ಜಬೇಡಿ

ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆತ್ತನೆ ಬಟ್ಟೆ. ಇಷ್ಟೇ ಸಾಕು. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ ಯಾವುದೂ ಬೇಡ. ಪೂಜೆ ಸಾಮಾನಿಗೆ ಅದು ಸರಿ, ಇಲ್ಲಿ ಬೇಡ. ಮುದ್ರೆಯ ಆಳ ಬಹಳ ಕಡಿಮೆ ಇರುತ್ತದೆ. ಪ್ರತಿ ಸಲ ಒರಟಾಗಿ ಉಜ್ಜಿದಾಗಲೂ ಒಂದಿಷ್ಟು ಬೆಳ್ಳಿ ಹೋಗುತ್ತದೆ. ಮುದ್ರೆಯ ಸಂದಿಯಲ್ಲಿ ಕೂತ ಕಪ್ಪು ನಿಮಗೆ ಉಪಕಾರಿಯೇ. ಅದರಿಂದಲೇ ಗೆರೆಗಳು ಎದ್ದು ಕಾಣುತ್ತವೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು ತಗೊಳ್ಳಿ, ಅಕ್ಕಸಾಲಿಗರು ಬಳಸುವಂಥದ್ದು. ಬೆಳಕು ನೇರ ಮೇಲಿನಿಂದ ಬೀಳಬಾರದು, ಪಕ್ಕದಿಂದ ಓರೆಯಾಗಿ ಬೀಳಬೇಕು. ಆಗ ಮುದ್ರೆಯ ಅಂಚಿಗೆ ನೆರಳು ಬಂದು ಆಕಾರ ತಿಳಿಯುತ್ತದೆ. ತೀರಾ ಸವೆದಿದ್ದರೆ ಅದರ ಮೇಲೆ ಬಾಯಿಂದ ಬಿಸಿ ಉಸಿರು ಬಿಡಿ. ಆವಿ ಕೂತು ಆರುವ ಆ ಒಂದೆರಡು ಕ್ಷಣದಲ್ಲಿ ಗೆರೆ ಕಾಣಿಸಿಕೊಳ್ಳುತ್ತದೆ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡುವುದೂ ಒಳ್ಳೆಯದೇ.

ಹಂತ 2: ಬೆಳ್ಳಿಯೋ, ಗಿಲೀಟೋ?

ಸಿಗುವ ಹಳೇ ಚಮಚಗಳಲ್ಲಿ ಗಿಲೀಟಿನವೇ ಜಾಸ್ತಿ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಅಲ್ಲಿಂದ ಮುಂದೆ ಗಿಲೀಟು ಚಮಚಗಳ ಮಳೆಯೇ ಸುರಿಯಿತು. ಇ.ಪಿ.ಎನ್.ಎಸ್. ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಇದ್ದರೆ ಅದು ನಿಕ್ಕಲ್ ಸಿಲ್ವರ್ ಮೇಲೆ ಬೆಳ್ಳಿ ಲೇಪ. ಬರೀ ಇ.ಪಿ. ಅಥವಾ 'ಎ1' ಅಂತಿದ್ದರೂ ಲೇಪವೇ. ನಿಕ್ಕಲ್ ಸಿಲ್ವರ್‌ನಲ್ಲಿ ಇರುವುದು ತಾಮ್ರ, ನಿಕ್ಕಲ್, ಸತು. ನಮ್ಮ ಪೂಜೆ ಸಾಮಾನಿನ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಅಂತ ಮಾರುವುದೂ ಇದೇ ಜಾತಿಯದು, ಒಳಗೆ ಬೆಳ್ಳಿ ಒಂದು ಚೂರೂ ಇಲ್ಲ.

ಎಡವುವ ಜಾಗ ಯಾವುದು ಅಂದರೆ, ಗಿಲೀಟು ಕಂಪನಿಗಳು ತಮ್ಮ ಅಕ್ಷರಗಳನ್ನು ಪುಟ್ಟ ಪುಟ್ಟ ಗುರಾಣಿಯಾಕಾರದ ಚೌಕಟ್ಟಿನಲ್ಲಿ ಸಾಲಾಗಿ ಹೊಡೆಯುತ್ತಿದ್ದವು. ದೂರದಿಂದ ನೋಡಿದರೆ ಥೇಟ್ ಹಾಲ್‌ಮಾರ್ಕ್. ಹತ್ತಿರದಿಂದ ನೋಡಿದರೆ ಸಿಂಹ ಇರುವುದಿಲ್ಲ.

ಅಯಸ್ಕಾಂತ ಹಿಡಿದು ನೋಡುವುದರಿಂದ ದೊಡ್ಡ ಪ್ರಯೋಜನವಿಲ್ಲ. ಬೆಳ್ಳಿಯೂ ಅಂಟುವುದಿಲ್ಲ, ನಿಕ್ಕಲ್ ಸಿಲ್ವರೂ ಅಂಟುವುದಿಲ್ಲ. ಅದರ ಬದಲು ಚಮಚದ ಬಟ್ಟಲಿನ ಬೆನ್ನು ನೋಡಿ, ಮೇಜಿಗೆ ತಾಗುವ ಆ ಉಬ್ಬು ಭಾಗ. ಗಿಲೀಟಾದರೆ ಅಲ್ಲಿ ಲೇಪ ಹರಿದು ಹಳದಿ ಛಾಯೆಯ ಲೋಹ ಇಣುಕುತ್ತಿರುತ್ತದೆ. ಅಂಗಡಿಯಲ್ಲಿ ಪರೀಕ್ಷೆ ಮಾಡಿಸುವುದಾದರೆ ಅರ ಹಾಕಲು, ಆಸಿಡ್ ಬಿಡಲು ಒಪ್ಪಬೇಡಿ. ಮುದ್ರೆಯ ಹತ್ತಿರವಂತೂ ಬೇಡವೇ ಬೇಡ. ಕ್ಯಾರೆಟ್ ಮೀಟರ್ ಇರುವ ಕಡೆ ಹೋಗಿ. ಆದರೆ ಆ ಯಂತ್ರ ನೋಡುವುದು ಮೇಲ್ಮೈಯನ್ನು. ಲೇಪ ದಪ್ಪಗಿದ್ದರೆ ಅದೂ ಮೋಸ ಹೋಗಬಹುದು. ಹಾಗಾಗಿ ಸವೆದ ಜಾಗದಲ್ಲೇ ಇಟ್ಟು ನೋಡಲು ಹೇಳಿ.

ಇನ್ನೊಂದು ಮಾತು. 925 ಎಂಬ ಅಂಕಿ ಕಂಡರೆ ಹಿಗ್ಗಬೇಡಿ. ಸ್ಟರ್ಲಿಂಗ್ ಬೆಳ್ಳಿ ಅಂದರೆ ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ, ನಿಜ. ಆದರೆ ಹಳೇ ಇಂಗ್ಲಿಷ್ ಚಮಚದ ಮೇಲೆ ಆ ಅಂಕಿ ಬರೆಯುತ್ತಿರಲಿಲ್ಲ. ಅದಕ್ಕೆಂದೇ ಸಿಂಹ ಇತ್ತು.

ಹಂತ 3: ಸಿಂಹವನ್ನು ಹುಡುಕಿ

ಎಡಕ್ಕೆ ನಡೆಯುತ್ತಿರುವ, ಮುಂದಿನ ಒಂದು ಕಾಲು ಎತ್ತಿದ ಸಿಂಹ. 1544ರಿಂದ ಬಂದ ಮುದ್ರೆ ಇದು. ಇದು ಇದ್ದರೆ ಇಂಗ್ಲೆಂಡಿನಲ್ಲಿ ಪರೀಕ್ಷೆಯಾದ ಸ್ಟರ್ಲಿಂಗ್ ಬೆಳ್ಳಿ. ಸಿಂಹದ ಮುಖವನ್ನೂ ಗಮನಿಸಿ. ಲಂಡನ್ನಿನಲ್ಲಿ 1821ರವರೆಗೆ ಅದು ಮುಖ ತಿರುಗಿಸಿ ನಮ್ಮನ್ನೇ ನೋಡುತ್ತದೆ. ಆಮೇಲೆ ತಾನು ನಡೆಯುವ ದಿಕ್ಕಿಗೇ ನೋಡುತ್ತದೆ. ಈ ಸಣ್ಣ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

1697ರಿಂದ 1720ರವರೆಗೆ ಮಾತ್ರ ಕತೆ ಬೇರೆ. ಜನ ಬೆಳ್ಳಿ ನಾಣ್ಯ ಕರಗಿಸಿ ಪಾತ್ರೆ ಮಾಡುತ್ತಿದ್ದರು. ಅದನ್ನು ತಡೆಯಲು ಸರ್ಕಾರ ಪಾತ್ರೆಯ ಬೆಳ್ಳಿಯ ಶುದ್ಧತೆಯನ್ನೇ 958ಕ್ಕೆ ಏರಿಸಿತು. ನಾಣ್ಯ ಕರಗಿಸಿದರೆ ಆ ಮಟ್ಟ ಮುಟ್ಟುತ್ತಿರಲಿಲ್ಲ. ಆ ಕಾಲದ ಚಮಚದಲ್ಲಿ ನಡೆಯುವ ಸಿಂಹ ಇಲ್ಲ. ಬದಲಿಗೆ ಕೂತ ಬ್ರಿಟಾನಿಯಾ ಎಂಬ ಹೆಣ್ಣಿನ ಚಿತ್ರ, ಜೊತೆಗೆ ಕತ್ತಿನಿಂದ ಹರಿದಂತೆ ಕಾಣುವ ಸಿಂಹದ ತಲೆ ಇರುತ್ತವೆ. 1720ರ ನಂತರವೂ ಇಷ್ಟಪಟ್ಟವರು ಈ ಶುದ್ಧತೆಯಲ್ಲಿ ಮಾಡಬಹುದಿತ್ತು. ಹಾಗಾಗಿ ಬ್ರಿಟಾನಿಯಾ ಕಂಡ ಮಾತ್ರಕ್ಕೆ 1700ರ ಸುಮಾರಿನದು ಅಂದುಕೊಳ್ಳಬೇಡಿ.

ಸಿಂಹ ಇಲ್ಲ ಅಂದ ಕೂಡಲೇ ಬೆಳ್ಳಿಯಲ್ಲ ಎಂದೂ ಅಲ್ಲ. ಎಡಿನ್‌ಬರೋದಲ್ಲಿ 1759ರಿಂದ ಸಿಂಹದ ಜಾಗದಲ್ಲಿ ಥಿಸಲ್ ಎಂಬ ಮುಳ್ಳುಗಿಡದ ಹೂವಿನ ಮುದ್ರೆ ಇತ್ತು. ಡಬ್ಲಿನ್‌ನಲ್ಲಿ ಕಿರೀಟವಿರುವ ಹಾರ್ಪ್ ವಾದ್ಯ.

ಹಂತ 4: ಊರು ಯಾವುದು?

ಲಂಡನ್ ಅಂದರೆ ಚಿರತೆಯ ತಲೆ. 1821ರವರೆಗೆ ತಲೆಯ ಮೇಲೆ ಕಿರೀಟ, ಆಮೇಲೆ ಬೋಳು ತಲೆ. ಬರ್ಮಿಂಗ್‌ಹ್ಯಾಮಿಗೆ ಹಡಗಿನ ಲಂಗರು, ಶೆಫೀಲ್ಡಿಗೆ ಕಿರೀಟ. ಈ ಎರಡೂ ಊರಿಗೆ ಪರೀಕ್ಷಾ ಕಚೇರಿ ಸಿಕ್ಕಿದ್ದು 1773ರಲ್ಲಿ. ಸಮುದ್ರವೇ ಇಲ್ಲದ ಬರ್ಮಿಂಗ್‌ಹ್ಯಾಮಿಗೆ ಲಂಗರು ಯಾಕೆ ಅಂತ ಅನ್ನಿಸುತ್ತದೆ, ಅಲ್ವಾ? ಎರಡೂ ಊರಿನವರು ಲಂಡನ್ನಿನಲ್ಲಿ ಕ್ರೌನ್ ಅಂಡ್ ಆಂಕರ್ ಎಂಬ ಹೋಟೆಲಿನಲ್ಲಿ ಸೇರಿ ಈ ಕಚೇರಿಗಾಗಿ ಓಡಾಡಿದರು, ಅದರ ಹೆಸರನ್ನೇ ಹಂಚಿಕೊಂಡರು ಎಂಬ ಕತೆ ಇದೆ.

ಎಡಿನ್‌ಬರೋಗೆ ಮೂರು ಗೋಪುರದ ಕೋಟೆ. ಎಕ್ಸೆಟರ್‌ಗೂ ಮೂರು ಗೋಪುರದ ಕೋಟೆಯೇ. ಥಿಸಲ್ ಇದೆಯಾ, ಸಿಂಹ ಇದೆಯಾ ನೋಡಿ ಬೇರೆ ಮಾಡಬೇಕು. ನ್ಯೂಕ್ಯಾಸಲ್‌ಗೆ ಮೂರು ಬಿಡಿ ಕೋಟೆಗಳು, ಚೆಸ್ಟರ್‌ಗೆ ಗೋಧಿ ಸಿವುಡುಗಳ ನಡುವೆ ಒಂದು ಕತ್ತಿ. ಗ್ಲಾಸ್ಗೋದ ಮುದ್ರೆಯಲ್ಲಿ ಮರ, ಹಕ್ಕಿ, ಗಂಟೆ, ಮೀನು ಎಲ್ಲ ಒಂದರಲ್ಲೇ ತುಂಬಿಕೊಂಡಿರುತ್ತವೆ. ಸವೆದರೆ ಬರೀ ಗೀಚಿನ ಹಾಗೆ ಕಾಣುತ್ತದೆ.

ಹಂತ 5: ರಾಜನ ತಲೆ ಇದೆಯೇ?

1784ರ ಡಿಸೆಂಬರ್‌ನಿಂದ 1890ರವರೆಗೆ ಬೆಳ್ಳಿಗೆ ಸುಂಕ ಇತ್ತು. ಸುಂಕ ಕಟ್ಟಿದ್ದಕ್ಕೆ ಗುರುತಾಗಿ ಆಗಿನ ದೊರೆಯ ತಲೆಯನ್ನು ಹೊಡೆಯುತ್ತಿದ್ದರು. ಮೊದಲ ಒಂದೂವರೆ ವರ್ಷ ಮೂರನೇ ಜಾರ್ಜ್‌ನ ತಲೆ ಎಡಕ್ಕೆ ನೋಡುತ್ತದೆ, ಚಿತ್ರ ಒಳಕ್ಕೆ ಇಳಿದಿರುತ್ತದೆ. 1786ರಿಂದ ಬಲಕ್ಕೆ ನೋಡುತ್ತದೆ, ಚಿತ್ರ ಉಬ್ಬಿರುತ್ತದೆ. ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ ಇಬ್ಬರೂ ಬಲಕ್ಕೆ. ವಿಕ್ಟೋರಿಯಾ ರಾಣಿ ಎಡಕ್ಕೆ.

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಉಪಕಾರಿ ಮುದ್ರೆ. ತಲೆ ಇದ್ದರೆ 1784 ಮತ್ತು 1890ರ ನಡುವಿನದು. ಇಲ್ಲದಿದ್ದರೆ ಅದಕ್ಕೂ ಹಿಂದಿನದು ಅಥವಾ ಮುಂದಿನದು. ಐರ್ಲೆಂಡಿನಲ್ಲಿ ಮಾತ್ರ ಇದು 1807ರಲ್ಲಿ ಶುರುವಾಯಿತು.

ಹಂತ 6: ವರ್ಷದ ಅಕ್ಷರ

ಎಲ್ಲರೂ ಮೊದಲು ಹಾರುವುದು ಇಲ್ಲಿಗೇ. ತಪ್ಪುವುದೂ ಇಲ್ಲೇ ಜಾಸ್ತಿ. ಲಂಡನ್ನಿನಲ್ಲಿ ಪ್ರತಿ ವರ್ಷಕ್ಕೆ ಒಂದು ಇಂಗ್ಲಿಷ್ ಅಕ್ಷರ, 'ಎ'ಯಿಂದ 'ಯು'ವರೆಗೆ, ನಡುವೆ 'ಜೆ' ಬಿಟ್ಟು ಒಟ್ಟು 20. ಮುಗಿದ ಮೇಲೆ ಅಕ್ಷರದ ಶೈಲಿ ಬದಲಾಯಿಸಿ ಮತ್ತೆ 'ಎ'ಯಿಂದ ಶುರು. 1776ರಿಂದ ಸಣ್ಣಕ್ಷರ, 1796ರಿಂದ ದೊಡ್ಡಕ್ಷರ, 1816ರಿಂದ ಮತ್ತೆ ಸಣ್ಣಕ್ಷರ, 1836ರಿಂದ ಗೋಥಿಕ್ ದೊಡ್ಡಕ್ಷರ.

ತೊಡಕು ಅರ್ಥವಾಯಿತಲ್ಲ? 1776ರ ಸಾಲಿನ ಸಣ್ಣ 'ಸಿ' ಮತ್ತು 1816ರ ಸಾಲಿನ ಸಣ್ಣ 'ಸಿ' ಸವೆದ ಮೇಲೆ ಒಂದೇ ಥರ ಕಾಣುತ್ತವೆ. ಮೊದಲನೆಯದು 1778, ಎರಡನೆಯದು 1818. ಈಗ ಹಿಂದಿನ ಹಂತಕ್ಕೆ ಹೋಗಿ. 1778ರಲ್ಲಿ ಸುಂಕವೇ ಇರಲಿಲ್ಲ. ರಾಜನ ತಲೆ ಇದ್ದರೆ 1818, ಇಲ್ಲದಿದ್ದರೆ 1778. ಕೆಲಸ ಮುಗಿಯಿತು.

ಸ್ವಲ್ಪ ಕಷ್ಟದ್ದು ನೋಡೋಣ. ಸಣ್ಣ 'ಪಿ' ಇದೆ ಅಂದುಕೊಳ್ಳಿ. 1790 ಆಗಬಹುದು, 1830 ಆಗಬಹುದು. ಎರಡೂ ವರ್ಷ ಸುಂಕ ಇತ್ತು, ಎರಡರಲ್ಲೂ ತಲೆ ಬಲಕ್ಕೇ ನೋಡುತ್ತದೆ. ಈಗ ಚಿರತೆಯನ್ನು ನೋಡಿ. ಕಿರೀಟ ಇದ್ದರೆ 1790, ಬೋಳು ತಲೆಯಾದರೆ 1830. ಚಿರತೆ ಸವೆದು ಹೋಗಿದ್ದರೆ ಸಿಂಹ ಎತ್ತ ನೋಡುತ್ತಿದೆ ಅಂತ ನೋಡಿ. ನಮ್ಮ ಕಡೆಗಾದರೆ 1790, ಮುಂದಕ್ಕಾದರೆ 1830. ಅದೂ ಮಸುಕಾಗಿದ್ದರೆ ತಯಾರಕರ ಅಕ್ಷರ ಉಳಿದಿರಬಹುದು. ಅಲ್ಲಿ ಬರವಣಿಗೆ ಶೈಲಿಯ 'ಎಚ್‌ಬಿ' ಇದ್ದರೆ ಅದು ಹೆಸ್ಟರ್ ಬೇಟ್‌ಮನ್. ಆಕೆ 1790ರಲ್ಲೇ ಕೆಲಸದಿಂದ ನಿವೃತ್ತಳಾದಳು, ಹಾಗಾಗಿ 1830 ಆಗುವ ಮಾತೇ ಇಲ್ಲ. ಹೀಗೆ ಒಂದು ಸಾಕ್ಷಿ ಕೈಕೊಟ್ಟರೆ ಇನ್ನೊಂದನ್ನು ಕೇಳಬೇಕು.

ಎರಡು ಎಚ್ಚರಿಕೆ. ಊರು ಗೊತ್ತಾಗದೆ ಅಕ್ಷರ ಓದಬೇಡಿ. ಒಂದೊಂದು ಊರಿಗೂ ಬೇರೆ ಬೇರೆ ಸಾಲು. ಶೆಫೀಲ್ಡಿನಲ್ಲಂತೂ 1824ರವರೆಗೆ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲೇ ಇರಲಿಲ್ಲ. ಮತ್ತೆ, ಲಂಡನ್ನಿನ ಅಕ್ಷರ ಬದಲಾಗುತ್ತಿದ್ದದ್ದು ಮೇ ತಿಂಗಳ ಕೊನೆಯಲ್ಲಿ. ಆದ್ದರಿಂದ 1790 ಅನ್ನುವುದಕ್ಕಿಂತ 1790–91 ಅನ್ನುವುದು ಹೆಚ್ಚು ಸರಿ. ಆಯಾ ಊರಿನ ಅಕ್ಷರ ಪಟ್ಟಿಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಪಟ್ಟಿಯಲ್ಲಿ ಅಕ್ಷರ ಒಂದನ್ನೇ ಅಲ್ಲ, ಅದರ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ತಾಳೆ ನೋಡಿ.

ಹಂತ 7: ತಯಾರಕರ ಅಕ್ಷರಗಳು

ಎರಡು ಅಥವಾ ನಾಲ್ಕು ಅಕ್ಷರ ಇರುತ್ತವೆ. ಈ ಮುದ್ರೆಯ ಒಡೆಯನೇ ಚಮಚವನ್ನು ಬಡಿದು ಮಾಡಿದ ಅಂತ ತಿಳಿಯಬೇಡಿ. ಪರೀಕ್ಷೆಗೆ ಕಳಿಸಿದ ಅಂಗಡಿಯ ಗುರುತು ಅದು. ಹೆಸ್ಟರ್ ಬೇಟ್‌ಮನ್ 1761ರಲ್ಲಿ ಮುದ್ರೆ ನೋಂದಾಯಿಸಿದ್ದು ಗಂಡ ತೀರಿಕೊಂಡ ಮೇಲೆ. ಕಾರ್ಖಾನೆಯಲ್ಲಿ ಮಕ್ಕಳು, ಕೆಲಸಗಾರರು ಎಲ್ಲ ಇದ್ದರು. 'ಡಬ್ಲ್ಯೂಇ' ಮೇಲೆ, 'ಡಬ್ಲ್ಯೂಎಫ್' ಕೆಳಗೆ ಇದ್ದರೆ ವಿಲಿಯಂ ಈಲಿ ಮತ್ತು ವಿಲಿಯಂ ಫೆರ್ನ್ ಜೋಡಿ, ಚಮಚಕ್ಕೇ ಹೆಸರಾದವರು. 'ಜಿಎ' ಅಂದರೆ ವಿಕ್ಟೋರಿಯಾ ಕಾಲದ ಜಾರ್ಜ್ ಆಡಮ್ಸ್ ಇರಬಹುದು. ಒಂದೇ ಜೋಡಿ ಅಕ್ಷರ ಹಲವರಿಗೆ ಇರುತ್ತಿತ್ತು. ಹಾಗಾಗಿ ಊರು, ವರ್ಷ ಮೊದಲು ಗಟ್ಟಿ ಮಾಡಿಕೊಂಡು ಆಮೇಲೆ ಹೆಸರು ಹುಡುಕಿ. ಅದೇ ಬ್ರಿಟಾನಿಯಾ ಕಾಲದಲ್ಲಾದರೆ ಅಡ್ಡಹೆಸರಿನ ಮೊದಲ ಎರಡು ಅಕ್ಷರ ಹೊಡೆಯಬೇಕಿತ್ತು.

ಹಂತ 8: ಮುದ್ರೆ ಎಲ್ಲಿ ಕೂತಿದೆ?

ಸುಮಾರು 1780ರವರೆಗೆ ಲಂಡನ್ ಚಮಚಗಳ ಮುದ್ರೆ ಹಿಡಿಯ ಕೆಳಭಾಗದಲ್ಲಿ, ಬಟ್ಟಲಿನ ಹತ್ತಿರ ಇರುತ್ತಿತ್ತು. ಒಂದೊಂದಾಗಿ ಬಿಡಿಬಿಡಿಯಾಗಿ ಹೊಡೆದದ್ದು. ಹಿಡಿ ಅಲ್ಲಿ ಸಣ್ಣಗಿರುತ್ತದೆ. ಹೊಡೆತಕ್ಕೆ ಸೊಟ್ಟಗಾದದ್ದನ್ನು ಅಕ್ಕಸಾಲಿಗ ಮತ್ತೆ ಬಡಿದು ಸರಿಮಾಡುತ್ತಿದ್ದ. ಹಾಗಾಗಿ ಮುದ್ರೆಗಳು ಹಿಸುಕಿದಂತೆ, ಎಳೆದಂತೆ ಕಾಣುತ್ತವೆ. ಅದು ದೋಷವಲ್ಲ, ಆ ಕಾಲದ ಗುರುತೇ. ಆಮೇಲೆ ಮುದ್ರೆಗಳು ಹಿಡಿಯ ತುದಿಯ ಕಡೆಗೆ ಬಂದವು, ಹತ್ತಿರ ಹತ್ತಿರ ಸಾಲಾಗಿ ನಿಂತವು.

ಆ ಹಿಂದಿನ ಕಾಲದ ಟೀ ಚಮಚದಲ್ಲಿ ಸಾಮಾನ್ಯವಾಗಿ ಎರಡೇ ಮುದ್ರೆ, ಸಿಂಹ ಮತ್ತು ತಯಾರಕ. ವರ್ಷದ ಅಕ್ಷರ ಇಲ್ಲ ಅಂತ ಅನುಮಾನ ಬೇಡ. ಅಂಥದರ ಕಾಲ ಹೇಳುವುದು ಆಕಾರವೇ.

ಹಂತ 9: ಆಕಾರ ಓದುವುದು

ಚಮಚವನ್ನು ಪಕ್ಕದಿಂದ ಹಿಡಿದು ಹಿಡಿಯ ತುದಿ ಎತ್ತ ಬಾಗಿದೆ ನೋಡಿ. ಬಟ್ಟಲು ಮೇಲ್ಮುಖವಾಗಿದ್ದಾಗ ತುದಿಯೂ ಮೇಲಕ್ಕೆ ಬಾಗಿದ್ದರೆ ಅದು ಹ್ಯಾನೋವೇರಿಯನ್, ಸುಮಾರು 1710ರಿಂದ 1770ರವರೆಗಿನದು. ಹಿಡಿಯ ಮುಂಭಾಗದಲ್ಲಿ ಒಂದು ಏಣು ಓಡುತ್ತದೆ. ಆಗ ಚಮಚವನ್ನು ಮೇಜಿನ ಮೇಲೆ ಬೋರಲು ಹಾಕಿಡುತ್ತಿದ್ದರು. ಆದ್ದರಿಂದ ಮನೆತನದ ಚಿಹ್ನೆ, ಹೆಸರಿನ ಅಕ್ಷರ ಎಲ್ಲ ಹಿಂಬದಿಯಲ್ಲಿ ಕೆತ್ತಿರುತ್ತವೆ. ತುದಿ ಕೆಳಕ್ಕೆ ಬಾಗಿದ್ದರೆ ಓಲ್ಡ್ ಇಂಗ್ಲಿಷ್, 1760ರ ನಂತರದ್ದು. ಚಮಚ ಅಂಗಾತ ಮಲಗಿತು, ಕೆತ್ತನೆ ಮುಂಬದಿಗೆ ಬಂತು. ತುದಿ ಕೆಳಕ್ಕೆ ಬಾಗಿದ್ದು, ಮುದ್ರೆ ಪ್ರಕಾರ 1735 ಅಂತಿದ್ದರೆ ಏನೋ ಎಡವಟ್ಟಾಗಿದೆ. ಅಕ್ಷರ ತಪ್ಪಾಗಿ ಓದಿರಬಹುದು, ಇಲ್ಲವೇ ಯಾರೋ ಆಮೇಲೆ ಬಗ್ಗಿಸಿರಬಹುದು.

ಈಗ ತಿರುಗಿಸಿ ಬಟ್ಟಲಿನ ಬೆನ್ನು ನೋಡಿ. ಹಿಡಿ ಬಂದು ಸೇರುವಲ್ಲಿ ಉದ್ದನೆ ಬಾಲದಂಥ ಏಣು ಬಟ್ಟಲಿನ ನಡುವಿನವರೆಗೆ ಇಳಿದಿದ್ದರೆ ಅದನ್ನು ಇಲಿಬಾಲ ಅನ್ನುತ್ತಾರೆ. 1660ರ ದಶಕದಿಂದ ಸುಮಾರು 1730ರವರೆಗಿನ ಲಕ್ಷಣ. ಆಮೇಲೆ ಬಾಲ ಗಿಡ್ಡವಾಗಿ ಬರೀ ನಾಲಿಗೆಯಂಥ ತುಂಡು ಉಳಿಯಿತು. ನಡು ಶತಮಾನದ ಟೀ ಚಮಚಗಳ ಬೆನ್ನ ಮೇಲೆ ಚಿಪ್ಪು, ಹೂಬಳ್ಳಿ, ಹಕ್ಕಿ, ಹಡಗಿನ ಅಚ್ಚು ಕೂಡ ಸಿಗುತ್ತದೆ. ಸಂಗ್ರಹಕಾರರಿಗೆ ಇವು ಅಂದರೆ ಪ್ರಾಣ. ಬೆನ್ನೇ ಸವೆಯುವ ಜಾಗವಾದ್ದರಿಂದ ಚಿತ್ರ ಸ್ಪಷ್ಟವಾಗಿ ಉಳಿದದ್ದು ಅಪರೂಪ. ಆದರೆ ಇಲಿಬಾಲವನ್ನು ವಿಕ್ಟೋರಿಯಾ ಕಾಲದಲ್ಲಿ, ಆಮೇಲೂ ಹಳೇ ಮಾದರಿ ಅಂತ ಮತ್ತೆ ಮಾಡಿದರು, ನೆನಪಿರಲಿ.

ಇನ್ನೂ ಹಳೆಯವು ನಿಮ್ಮ ಕೈಗೆ ಸಿಗುವುದು ಕಷ್ಟ. 1660ರಿಂದ 1700ರವರೆಗಿನ ಟ್ರೆಫಿಡ್ ಚಮಚಕ್ಕೆ ತುದಿಯಲ್ಲಿ ಎರಡು ಕಚ್ಚು ಹಾಕಿ ಮೂರು ಎಸಳು ಮಾಡಿರುತ್ತಾರೆ. ಅದಕ್ಕೂ ಹಿಂದಿನವಕ್ಕೆ ತುದಿಯಲ್ಲಿ ಏಸುವಿನ ಶಿಷ್ಯರ ಪುಟ್ಟ ಮೂರ್ತಿ. ಇಂಥದ್ದು ಅಗ್ಗಕ್ಕೆ ಸಿಕ್ಕರೆ ಅದು ನಂತರದ ಕಾಲದ ನಕಲು ಎಂದೇ ಹಿಡಿಯಿರಿ.

ನಮ್ಮಲ್ಲಿ ನಿಜಕ್ಕೂ ಸಿಗುವುದು ಫಿಡಲ್ ಮಾದರಿ. ಹಿಡಿ ಪಿಟೀಲಿನ ಆಕಾರ, ಬಟ್ಟಲಿನ ಹತ್ತಿರ ಎರಡು ಪುಟ್ಟ ಭುಜ. ಇಂಗ್ಲೆಂಡಿನಲ್ಲಿ 1800ರ ನಂತರ ಇದರದೇ ಕಾರುಬಾರು. ಚಿಪ್ಪು, ಎಲೆಬಳ್ಳಿ ತುಂಬಿದ ಭಾರದ ಕಿಂಗ್ಸ್ ಮಾದರಿ ಅದರ ಹಿಂದೆಯೇ ಬಂತು. 1780–90ರ ಓಲ್ಡ್ ಇಂಗ್ಲಿಷ್ ಚಮಚಗಳ ಮೇಲೆ ಅಂಚಿಗೆ ಮಿನುಗುವ ಸಣ್ಣ ಕೊರೆತದ ಕೆಲಸ ಇರುತ್ತದೆ. ಓರೆಯಾಗಿ ಕೊರೆದ ಮುಖಗಳು ಬೆಳಕಿಗೆ ಫಳಕ್ಕೆನ್ನುತ್ತವೆ. ಮಂಕಾಗಿದ್ದರೆ ಯಾರೋ ಉಜ್ಜಿ ಉಜ್ಜಿ ಮುಗಿಸಿದ್ದಾರೆ ಎಂದರ್ಥ.

ಹಂತ 10: ಸವೆತ, ತಿದ್ದುಪಡಿ, ಮೋಸ

ಬಲಗೈಯಲ್ಲಿ ಹಿಡಿದು ತಿಂದ ಚಮಚದ ಬಟ್ಟಲು ತುದಿಯ ಎಡ ಅಂಚಿನಲ್ಲಿ ಹೆಚ್ಚು ಸವೆದಿರುತ್ತದೆ. ಇದು ನಿಜವಾದ ಬಳಕೆಯ ಗುರುತು. ಬಟ್ಟಲು ಹೊಸದರಂತೆ ಗುಂಡಗಿದ್ದು ಮುದ್ರೆ ಮಾತ್ರ ಪೂರ್ತಿ ಸವೆದಿದ್ದರೆ ಯಾರೋ ಅಂಚನ್ನು ಅರದಿಂದ ತಿದ್ದಿರಬಹುದು. ಹಿಡಿಯ ತುದಿಯನ್ನು ಹೆಬ್ಬೆರಳಿನಿಂದ ಸವರಿ. ಒಂದು ಕಡೆ ತಗ್ಗಾಗಿ ತೆಳುವಾಗಿದ್ದರೆ ಹಳೇ ಮನೆತನದ ಚಿಹ್ನೆಯನ್ನು ಅಳಿಸಿದ್ದಾರೆ. ಬೆಲೆ ಇಳಿಯುತ್ತದೆ.

ಬೆರಿ ಚಮಚ ಅಂತ ಒಂದಿದೆ. ಮುದ್ರೆ 1790ರದ್ದು, ಬಟ್ಟಲಿನ ತುಂಬ ಉಬ್ಬು ಹಣ್ಣುಗಳು, ಚಿನ್ನದ ನೀರು. ಚಮಚ ನಿಜ, ಮುದ್ರೆಯೂ ನಿಜ. ಅಲಂಕಾರ ಮಾತ್ರ ವಿಕ್ಟೋರಿಯಾ ಕಾಲದಲ್ಲಿ ಸಾದಾ ಊಟದ ಚಮಚದ ಮೇಲೆ ಬಡಿದದ್ದು. ಚಂದ ಅಂತ ಕೊಳ್ಳಿ, 1790ರ ಕೆತ್ತನೆ ಅಂತ ಕೊಳ್ಳಬೇಡಿ. ಚಮಚ ಬಡಿದು ಫೋರ್ಕ್ ಮಾಡಿದ್ದೂ ಉಂಟು. ಬೇರೆ ಪಾತ್ರೆಯ ಮುದ್ರೆ ಕತ್ತರಿಸಿ ಬೆಸೆದಿದ್ದರೆ ಉಸಿರು ಬಿಟ್ಟಾಗ ಮುದ್ರೆಗಳ ಸುತ್ತ ಬೆಸುಗೆಯ ಗೆರೆ ಕಾಣಬಹುದು.

ಇಂಗ್ಲಿಷ್ ಅಲ್ಲದಿದ್ದರೆ

ಸಿಂಹ, ಲಂಗರು, 'ಜಿ' ಅಕ್ಷರ ಮೂರೂ ಸಾಲಾಗಿದ್ದರೆ ಬರ್ಮಿಂಗ್‌ಹ್ಯಾಮ್ ಅಂದುಕೊಳ್ಳಬೇಡಿ. ಅದು ಅಮೆರಿಕದ ಗೋರಹ್ಯಾಮ್ ಕಂಪನಿಯ ಗುರುತು. ಅರ್ಧಚಂದ್ರ, ಕಿರೀಟ, 800 ಇದ್ದರೆ 1888ರ ನಂತರದ ಜರ್ಮನಿ. ಶಿರಸ್ತ್ರಾಣ ತೊಟ್ಟ ಹೆಣ್ಣಿನ ತಲೆ 1838ರ ನಂತರದ ಫ್ರಾನ್ಸ್. 84 ಎಂಬ ಅಂಕಿ ರಷ್ಯಾದ ಅಳತೆ, ನಮ್ಮ ಲೆಕ್ಕದಲ್ಲಿ 875.

ಬ್ರಿಟಿಷರ ಕಾಲದ ಭಾರತದಲ್ಲಿ ಇಂಥ ಸರ್ಕಾರಿ ಪರೀಕ್ಷೆ ಇರಲಿಲ್ಲ. ಅಂಗಡಿಯವರು ತಮ್ಮದೇ ಮುದ್ರೆ ಹೊಡೆಯುತ್ತಿದ್ದರು. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿಯದರಲ್ಲಿ ಆನೆಯ ಚಿತ್ರ ಬರುತ್ತದೆ. ಮದರಾಸಿನ ಪಿ. ಆರ್ ಅಂಡ್ ಸನ್ಸ್ ಹೆಸರನ್ನೇ ಬರೆಯುತ್ತಿದ್ದರು. ದೇವರ ಉಬ್ಬುಚಿತ್ರಗಳಿರುವ 'ಸ್ವಾಮಿ' ಕೆಲಸಕ್ಕೆ ಅವರು ಪ್ರಸಿದ್ಧರು. ಬೆಂಗಳೂರಿನ ಬಾರ್ಟನ್ ಹೆಸರಿನ ಮುದ್ರೆಯೂ ಕಾಣಸಿಗುತ್ತದೆ. ಇಂಥವಕ್ಕೆ ವರ್ಷದ ಅಕ್ಷರ ಹುಡುಕುತ್ತ ಕೂರಬೇಡಿ. ಆದರೆ ಸಿಂಹ ಇಲ್ಲ ಅಂತ ತೂಕಕ್ಕೂ ಹಾಕಬೇಡಿ. ಸ್ಥಳೀಯ ಮುದ್ರೆಯ ಚಮಚಕ್ಕೆ ಎಷ್ಟೋ ಸಲ ಸಾಧಾರಣ ಲಂಡನ್ ಚಮಚಕ್ಕಿಂತ ಹೆಚ್ಚು ಕೇಳುಗರಿರುತ್ತಾರೆ.

ಬರೆದಿಡಿ, ಆಮೇಲೆ ಬೆಲೆ ಕೇಳಿ

ಒಂದೊಂದು ಚಮಚಕ್ಕೂ ಉದ್ದ, ಗ್ರಾಂ ಲೆಕ್ಕದ ತೂಕ, ಮುದ್ರೆಗಳ ಕ್ರಮ, ಅವು ಇರುವ ಜಾಗ, ಮಾದರಿ, ಕೆತ್ತಿದ ಅಕ್ಷರ ಎಲ್ಲ ಬರೆದು ಫೋಟೋ ಜೊತೆ ಇಡಿ. ಮೂರು ಅಕ್ಷರ ತ್ರಿಕೋನವಾಗಿ ಕೆತ್ತಿದ್ದರೆ ಮೇಲಿನದು ಮನೆತನದ ಹೆಸರು, ಕೆಳಗಿನ ಎರಡು ಗಂಡ ಹೆಂಡತಿಯದು. ಆರು ಚಮಚದ ಸೆಟ್ ಅಂತ ಕೊಟ್ಟರೆ ಆರರ ಮುದ್ರೆಯನ್ನೂ ಓದಿ. ನಡುವೆ ಒಂದೆರಡು ಬೇರೆ ವರ್ಷದವು, ಬೇರೆ ತಯಾರಕರವು ಸೇರಿಕೊಂಡಿರುವುದು ಮಾಮೂಲು.

ಬೆಲೆಯ ವಿಷಯದಲ್ಲಿ ಸುಮ್ನೆ ಕನಸು ಕಾಣಬೇಡಿ. ವಿಕ್ಟೋರಿಯಾ ಕಾಲದ ಸಾದಾ ಫಿಡಲ್ ಟೀ ಚಮಚ ಲೆಕ್ಕವಿಲ್ಲದಷ್ಟು ಉಳಿದಿವೆ, ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಮೇಲೆ ಸಿಗುತ್ತದೆ. ಸ್ಪಷ್ಟ ಮುದ್ರೆಯ 18ನೇ ಶತಮಾನದ್ದು, ಚಿತ್ರಬೆನ್ನಿನದು, ಸ್ಕಾಟ್ಲೆಂಡಿನ ಸಣ್ಣ ಊರುಗಳದ್ದು ಆದರೆ ಮಾತು ಬೇರೆ.

ವಿದೇಶದಲ್ಲಿರುವ ಮಕ್ಕಳಿಗೆ ಕೊಟ್ಟು ಕಳಿಸುವ ಯೋಚನೆ ಇದ್ದರೆ ಒಂದು ಕಾನೂನು ಗೊತ್ತಿರಲಿ. 1972ರ ಪುರಾತನ ವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ಕರಕುಶಲ ವಸ್ತುಗಳೂ ಪುರಾತನ ವಸ್ತುಗಳಾಗಬಹುದು, ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನಿಮ್ಮ ಚಮಚ ಅದರಡಿ ಬರುತ್ತದೋ ಇಲ್ಲವೋ ಎಂದು ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ನಿಂತು 'ಪಿ' ಅಂದರೆ 1790ರೋ 1830ರೋ ಅಂತ ವಾದ ಮಾಡಿ ಪ್ರಯೋಜನವಿಲ್ಲ, ಎರಡಕ್ಕೂ ನೂರು ದಾಟಿದೆ.